ಮಾಯವಾಗಿದ್ದ ಮೂರು ಕಮಿಟ್ ಮತ್ತೆ ಸಿಕ್ಕ ಕಥೆ

ನಾನು ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಕೆಲಸವನ್ನೆಲ್ಲ ಒಂದು ಆ್ಯಪ್‌ನಲ್ಲಿ, ಮೌಸ್‌ನಲ್ಲೇ ಮಾಡುವವನು. ಮೊನ್ನೆ ಹಳೆಯ ಕೋಡ್ ಹೇಗಿತ್ತು ಅಂತ ನೋಡಲು ಆ್ಯಪ್‌ನ ಹಿಸ್ಟರಿಯಲ್ಲಿ ಒಂದು ಕಮಿಟ್ (ಅಂದರೆ ಉಳಿಸಿಟ್ಟ ಒಂದು ಹಂತದ ಕೋಡ್) ಮೇಲೆ ಡಬಲ್ ಕ್ಲಿಕ್ ಮಾಡಿದೆ. ಏನೋ ಎಚ್ಚರಿಕೆ ಬಂತು. ಓದದೆ ಓಕೆ ಒತ್ತಿದೆ. ಎಲ್ಲರೂ ಮಾಡೋದು ಅದೇ ಅಲ್ವಾ?

ಅಲ್ಲೇ ಕೂತು ಬಿಲ್ ಪ್ರಿಂಟ್ ಆಗುವ ಕೋಡ್ ಸರಿಮಾಡಿ ಮೂರು ಕಮಿಟ್ ಹಾಕಿದೆ. ಸಂಜೆ ಮೇನ್ ಬ್ರಾಂಚಿಗೆ ಹೋದರೆ ಮೂರೂ ಇಲ್ಲ! ಕಮಿಟ್‌ಗಳನ್ನು ಚುಕ್ಕೆಗಳಾಗಿ ತೋರಿಸುವ ಗ್ರಾಫ್‌ನಲ್ಲಿ ಅವುಗಳ ಒಂದು ಚುಕ್ಕೆಯೂ ಇಲ್ಲ. ಎದೆ ಧಸಕ್ಕೆಂದಿತು.

ಆಮೇಲೆ ಗೊತ್ತಾಯಿತು, ನಾನಿದ್ದದ್ದು 'ಡಿಟ್ಯಾಚ್ಡ್ ಹೆಡ್' ಸ್ಥಿತಿಯಲ್ಲಿ. ಹೆಡ್ ಅಂದರೆ ನಾವು ಈಗ ಎಲ್ಲಿದ್ದೇವೆ ಅನ್ನುವ ಗುರುತು. ಅದು ನೇರವಾಗಿ ಆ ಹಳೆಯ ಕಮಿಟ್ ಮೇಲೆ ಹೋಗಿತ್ತು, ಯಾವ ಬ್ರಾಂಚಿನ ಮೇಲೂ ಇರಲಿಲ್ಲ. ಬ್ರಾಂಚ್ ಅಂದರೆ ಒಂದು ಕಮಿಟ್‌ಗೆ ಅಂಟಿಸಿದ ಚೀಟಿ, ಅಷ್ಟೇ. ಯಾವ ಚೀಟಿಯಿಂದಲೂ ಹಿಂದೆ ಹೋಗಿ ತಲುಪಲಾಗದ ಕಮಿಟ್‌ಗಳನ್ನು ಗ್ರಾಫ್ ತೋರಿಸಲಿಲ್ಲ. ಆದರೆ ಅವು ಅಳಿಸಿಹೋಗಿರಲಿಲ್ಲ.

ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು 'ಗಿಟ್ ರಿಫ್ಲಾಗ್' (git reflog) ಕಮಾಂಡ್ ಕೊಟ್ಟೆ. ಹೆಡ್ ಎಲ್ಲೆಲ್ಲಿ ಓಡಾಡಿತ್ತು ಅನ್ನುವ ಪಟ್ಟಿ ಬಂತು. ಮೇಲಿನಿಂದ ಎರಡನೇ ಸಾಲಲ್ಲೇ ನನ್ನ ಕೊನೆಯ ಮೆಸೇಜ್, 'ಬಿಲ್ ಮಾರ್ಜಿನ್ ಸರಿಯಾಯಿತು'. ಅದರ ಎಡಗಡೆಯ ಏಳು ಅಕ್ಷರದ ಹ್ಯಾಶ್ (ಆ ಕಮಿಟ್‌ನ ಗುರುತು) ಕಾಪಿ ಮಾಡಿಕೊಂಡೆ. ಆ್ಯಪ್‌ನಲ್ಲಿ ಹೊಸ ಬ್ರಾಂಚ್ ಮಾಡುವಾಗ, ಯಾವ ಕಮಿಟ್‌ನಿಂದ ಅಂತ ಕೇಳುವ ಜಾಗದಲ್ಲಿ ಅದನ್ನೇ ಹಾಕಿದೆ. ಮೂರು ಚುಕ್ಕೆಗಳೂ ಟಪ್ ಅಂತ ಬಂದವು. ಆ ಬ್ರಾಂಚನ್ನು ಮೇನ್‌ಗೆ ಮರ್ಜ್ ಮಾಡಿ ಸೇರಿಸಿದೆ.

ಜಾಸ್ತಿ ದಿನ ಬಿಡಬೇಡಿ. ಹೀಗೆ ಅನಾಥವಾದ ಕಮಿಟ್‌ಗಳನ್ನು ರಿಫ್ಲಾಗ್ ಸಾಮಾನ್ಯವಾಗಿ 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಕಮಿಟ್ಟೇ ಮಾಡದ ಬದಲಾವಣೆಗಳು ಅದರಲ್ಲಿ ಸಿಗುವುದಿಲ್ಲ.