ಸುಣ್ಣದ ನೀರಲ್ಲಿ ಬೆಂದ ಮೆಕ್ಕೆಜೋಳ, ಉಬ್ಬುವ ಟೋರ್ಟಿಯಾ

ಅಂಗಡಿಯ ಮೆಕ್ಕೆಜೋಳದ ಹಿಟ್ಟನ್ನು ಎಷ್ಟು ನಾದಿದರೂ ಮೆಕ್ಸಿಕೋದ ತೆಳು ರೊಟ್ಟಿ ಟೋರ್ಟಿಯಾ ಸರಿಯಾಗಿ ಬರುವುದಿಲ್ಲ, ಅಂಚು ಬಿರಿಯುತ್ತದೆ. ಮೆಕ್ಸಿಕೋದಲ್ಲಿ ಕಾಳನ್ನು ಮೊದಲು ಸುಣ್ಣದ ನೀರಲ್ಲಿ ಬೇಯಿಸುತ್ತಾರೆ. ಹಾಗೆ ಬೆಂದದ್ದು ನಿಶ್ತಮಾಲ್. ಸುಣ್ಣ ಸಿಪ್ಪೆ ಬಿಡಿಸುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ, ಕಾಳಿನೊಳಗಿನ ನಿಯಾಸಿನ್ ಎಂಬ ಬಿ ಜೀವಸತ್ವ ಮೈಗೆ ಹತ್ತುವಂತೆ ಮಾಡುತ್ತದೆ. ಸುಣ್ಣ ಹಾಕದೆ ಬರೀ ಮೆಕ್ಕೆಜೋಳ ಉಂಡು ಬದುಕಿದ ಯುರೋಪಿನ ಬಡವರನ್ನು ಪೆಲಾಗ್ರ ಎಂಬ ರೋಗ ಕಾಡಿದ್ದು ಈ ನಿಯಾಸಿನ್ ಕೊರತೆಯಿಂದ.

ಒಣಗಿದ ಮೆಕ್ಕೆಜೋಳ ಅರ್ಧ ಕಿಲೋ, ನೀರು ಒಂದೂವರೆ ಲೀಟರ್, ತಿನ್ನಲು ಯೋಗ್ಯವಾದ ಸುಣ್ಣದ ಪುಡಿ 5 ಗ್ರಾಂ. ಸ್ವೀಟ್ ಕಾರ್ನ್ ನಡೆಯದು. ಎಲೆ-ಅಡಿಕೆಯ ಬಿಳಿ ಸುಣ್ಣವೂ ಇದೇ ವಸ್ತು, ಆದರೆ ಅದರಲ್ಲಿ ನೀರಿರುವುದರಿಂದ ತೂಕ ಹೆಚ್ಚು ಬೇಕು. ಗೋಡೆಗೆ ಬಳಿಯುವ ಸುಣ್ಣ, ಸುಟ್ಟ ಸುಣ್ಣದ ಹರಳು ಖಂಡಿತ ಬೇಡ. ಪಾತ್ರೆ ಸ್ಟೀಲಿನದಿರಲಿ; ಅಲ್ಯುಮಿನಿಯಂ ಅನ್ನು ಸುಣ್ಣ ತಿನ್ನುತ್ತದೆ.

ಸುಣ್ಣವನ್ನು ತಣ್ಣೀರಲ್ಲಿ ಕದಡಿ, ಕಾಳು ಹಾಕಿ, ಸಣ್ಣ ಉರಿಯಲ್ಲಿ 30ರಿಂದ 40 ನಿಮಿಷ ಬೇಯಿಸಿ. ಒಂದು ಕಾಳನ್ನು ಬೆರಳಲ್ಲಿ ಉಜ್ಜಿದಾಗ ಸಿಪ್ಪೆ ಜಾರಬೇಕು, ಕಚ್ಚಿದರೆ ನಡುವೆ ಬಿಳಿಯ ಗಟ್ಟಿ ಚುಕ್ಕೆ ಉಳಿದಿರಬೇಕು. ಪೂರ್ತಿ ಮೆತ್ತಗಾದರೆ ಹಿಟ್ಟು ಗೋಂದಿನಂತಾಗಿ ಕೈಬಿಡುವುದಿಲ್ಲ. ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಳದಿ ನೀರನ್ನು ಚೆಲ್ಲಿ, ಎರಡು ಮೂರು ಸಲ ತೊಳೆಯಿರಿ. ಸಿಪ್ಪೆಯನ್ನೆಲ್ಲ ಉಜ್ಜಿ ತೆಗೆಯಬೇಡಿ, ಹಿಟ್ಟು ಕೂಡಿಕೊಳ್ಳಲು ಸ್ವಲ್ಪ ಬೇಕು.

ಅಲ್ಲಿಯವರು ಇದನ್ನು ಮೆಟಾಟೆ ಕಲ್ಲಿನ ಮೇಲೆ ಅರೆಯುತ್ತಾರೆ, ಇಲ್ಲವೇ ಊರಿನ ಗಿರಣಿಗೆ ಒಯ್ಯುತ್ತಾರೆ. ಗಿರಣಿಯಿಲ್ಲದಿದ್ದರೆ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಚಮಚದ ಲೆಕ್ಕದಲ್ಲಿ ನೀರು ಹಾಕಿ ನುಣ್ಣಗೆ ರುಬ್ಬಿ. ಬಹಳ ಜನ ಎಡವುವುದು ಇಲ್ಲೇ: ನೀರು ಹೆಚ್ಚಾದರೆ ದೋಸೆಹಿಟ್ಟಾಗುತ್ತದೆ. ಹಿಟ್ಟಿಗೆ ಉಪ್ಪು ಹಾಕುವ ವಾಡಿಕೆ ಇಲ್ಲ. ಉಂಡೆಯನ್ನು ಒತ್ತಿ ನೋಡಿ. ಅಂಚು ಬಿರಿದರೆ ನೀರು ಚಿಮುಕಿಸಿ ನಾದಿ, ಅಂಗೈಗೆ ಮೆತ್ತಿಕೊಂಡರೆ ತುಸು ಹೊತ್ತು ಗಾಳಿಗೆ ಬಿಡಿ.

30 ಗ್ರಾಮಿನ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ. ಹೆಂಚು ಚೆನ್ನಾಗಿ ಕಾದಿರಲಿ, ಎಣ್ಣೆ ಬೇಡ. 15-20 ಸೆಕೆಂಡಿಗೆ ಅಂಚು ಬಿಟ್ಟುಕೊಂಡ ಕೂಡಲೇ ಮಗುಚಿ. ತಡವಾದರೆ ಮೇಲ್ಮೈ ಒಣಗಿ ಆಮೇಲೆ ಉಬ್ಬುವುದೇ ಇಲ್ಲ. ಎರಡನೇ ಮೈ ಮುಕ್ಕಾಲು ನಿಮಿಷ ಬೇಯಲಿ. ಮತ್ತೆ ಮಗುಚಿ ನಡುವೆ ಬೆರಳಿಂದ ಮೆಲ್ಲಗೆ ಒತ್ತಿದರೆ ಆವಿ ತುಂಬಿ ಏಳುತ್ತದೆ. ಏಳದಿದ್ದರೆ ಹೆಂಚು ತಣ್ಣಗಿದೆ, ಇಲ್ಲವೇ ಹಿಟ್ಟು ಒಣಗಿದೆ, ತರಿಯಾಗಿದೆ.

ಬೆಂದವನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಿ; ಹತ್ತು ನಿಮಿಷದಲ್ಲಿ ತಮ್ಮದೇ ಆವಿಗೆ ಮೃದುವಾಗುತ್ತವೆ. ಉಳಿದವನ್ನು ಮರುದಿನ ತುಂಡು ಮಾಡಿ ಕರಿದು, ಬಿಸಿ ಸಾಲ್ಸಾದಲ್ಲಿ (ಅಲ್ಲಿಯ ಖಾರದ ಚಟ್ನಿ) ಹೊರಳಿಸಿದರೆ ಬೆಳಗಿನ ತಿಂಡಿ ಚಿಲಾಕಿಲೆಸ್.