ಏಪ್ರಿಲ್, ಮೇ ಸೆಕೆಗೆ ಲಿನಕ್ಸ್ ಲ್ಯಾಪ್‌ಟಾಪ್ ಕಾಯುತ್ತಿದ್ದರೆ ಟರ್ಬೊ ನಿಲ್ಲಿಸಿ

ಲಿನಕ್ಸ್‌ನಲ್ಲಿ ಟಿಎಲ್‌ಪಿ (ಲ್ಯಾಪ್‌ಟಾಪಿನ ವಿದ್ಯುತ್ ಬಳಕೆ ಹತೋಟಿಯಲ್ಲಿಡುವ ತಂತ್ರಾಂಶ) ಬಳಸುವವರು ಅದರ ಸಂರಚನಾ ಕಡತ ತೆರೆದು ‘ಸಿಪಿಯು ಬೂಸ್ಟ್ ಆನ್ ಎಸಿ’ (CPU_BOOST_ON_AC, ಚಾರ್ಜರ್ ಸಿಕ್ಕಿಸಿದಾಗಿನದು), ‘ಸಿಪಿಯು ಬೂಸ್ಟ್ ಆನ್ ಬ್ಯಾಟ್’ (CPU_BOOST_ON_BAT, ಬ್ಯಾಟರಿಯಲ್ಲಿ ಓಡುವಾಗಿನದು) ಎಂಬ ಎರಡು ಸಾಲುಗಳ ಮುಂದಿರುವ # ಚಿಹ್ನೆ ಅಳಿಸಿ, ಎರಡಕ್ಕೂ 0 ಕೊಟ್ಟು ಟಿಎಲ್‌ಪಿಯನ್ನು ಮತ್ತೆ ಚಾಲೂ ಮಾಡಿ. ಪ್ರೊಸೆಸರ್ ತನ್ನ ಮೂಲ ವೇಗವನ್ನು ಮೀರಿ ಓಡುವುದು, ಅಂದರೆ ಟರ್ಬೊ, ನಿಲ್ಲುತ್ತದೆ. ಟರ್ಬೊದ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜ್ × ವೋಲ್ಟೇಜ್) ಅನುಗುಣವಾಗಿ ಏರುವುದರಿಂದ, ಸಿಗುವ ವೇಗಕ್ಕಿಂತ ತೆರುವ ಬಿಸಿಯೇ ಹೆಚ್ಚು. ಮಂಗಳೂರು, ಉಡುಪಿಯ ಬೇಸಿಗೆಯಲ್ಲಿ ಕೋಣೆಯೇ ಕಾದಿರುವಾಗ ಫ್ಯಾನಿನ ಅಬ್ಬರ ಇಳಿಯುವುದು ಚೆನ್ನಾಗಿ ಗೊತ್ತಾಗುತ್ತದೆ. (ತೇವಾಂಶದಿಂದ ಒದ್ದಾಡುವುದು ಬೆವರುವ ನಾವು ಮಾತ್ರ, ಬೆವರದ ಲ್ಯಾಪ್‌ಟಾಪಿಗೆ ಲೆಕ್ಕ ಗಾಳಿಯ ಉಷ್ಣಾಂಶದ್ದು.) ಮಳೆಗಾಲದಲ್ಲಿ ಕರೆಂಟ್ ಹೋದಾಗ ಬ್ಯಾಟರಿಯೂ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ. ಬರವಣಿಗೆ, ಬ್ರೌಸರ್, ವಿಡಿಯೊ ನೋಡುವುದು, ಇವುಗಳಲ್ಲಿ ವ್ಯತ್ಯಾಸ ಕಾಣುವುದು ಅಪರೂಪ. ವಿಡಿಯೊ ಸಂಕಲನ, ದೊಡ್ಡ ಕಂಪೈಲ್ ಕೆಲಸ ಇದ್ದವರಿಗೆ ನಿಧಾನ ಎನಿಸುವುದು ಖಂಡಿತ. ಅಂಥವರು ಬ್ಯಾಟರಿಯ ಸಾಲಿಗೆ ಮಾತ್ರ 0 ಕೊಡಲಿ. ಟರ್ಬೊ ಇಲ್ಲದ ಹಳೆಯ ಐ3 ಪ್ರೊಸೆಸರ್‌ಗಳಲ್ಲಿ ಇದರಿಂದ ಏನೂ ಬದಲಾಗದು. ಡೆಸ್ಕ್‌ಟಾಪ್‌ನ ಸ್ವಂತ ಪವರ್ ಪ್ರೊಫೈಲ್ ಸೇವೆ ಟಿಎಲ್‌ಪಿ ಜೊತೆಗೇ ಓಡುತ್ತಿದ್ದರೆ ಒಂದರ ಆಯ್ಕೆಯನ್ನು ಇನ್ನೊಂದು ಅಳಿಸಬಹುದು, ಹಾಗಾಗಿ ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ. ಸುಮ್ಮನಿದ್ದಾಗಲೂ ಕಾಯುವ ಲ್ಯಾಪ್‌ಟಾಪಿಗೆ ಈ ಉಪಾಯ ತಾಗದು. ಮೊದಲು ಫ್ಯಾನಿನ ಧೂಳು ತೆಗೆಸಿ, ಹಾಸಿಗೆಯ ಮೇಲಿಟ್ಟು ಬಳಸುವುದನ್ನು ಬಿಡಿ.