ಒಂದೇ ಘಟ್ಟ, ಎರಡು ಠಿಕಾಣಿ

ಎಪ್ಪತ್ತು ದಾಟಿದ ಅಮ್ಮ, ಮಂಡಿನೋವಿನ ಅತ್ತೆ, ಹೆಂಡತಿ ಮತ್ತು ನಾನು. ಸ್ವಂತ ಕಾರಿಲ್ಲ, ಬೆಂಗಳೂರಿನಿಂದ ಬಾಡಿಗೆ ಗಾಡಿಯೂ ಬೇಡ. ಒಂದು ವಾರದಲ್ಲಿ ಮಲೆನಾಡು, ಕರಾವಳಿ ಎರಡನ್ನೂ ನೋಡಿಕೊಂಡು ಬರೋಣ ಎಂದಾಗ ಮನೆಯಲ್ಲಿ ಒಬ್ಬರೂ ನಂಬಲಿಲ್ಲ. "ಭಾವ, ವಯಸ್ಸಾದವರನ್ನು ಕೆಂಪು ಬಸ್ಸಿನಲ್ಲಿ ಘಟ್ಟ ಇಳಿಸುತ್ತೀರಾ? ಎರಡನೇ ದಿನಕ್ಕೇ ಗಾಡಿ ತೆಗೆದುಕೊಂಡು ಬಾ ಎಂದು ನನಗೆ ಫೋನ್ ಮಾಡುತ್ತೀರಿ, ನೋಡುತ್ತಿರಿ" ಎಂದು ಭಾವಮೈದುನ ಪಂಥ ಕಟ್ಟಿದ. ನಾನು ಫೋನ್ ಮಾಡಲಿಲ್ಲ. ಎಂಟನೇ ದಿನ ಬೆಳಗ್ಗೆ ಇಬ್ಬರು ಹಿರಿಯರೂ ನಗುತ್ತಲೇ ರೈಲಿಳಿದರು. ಹೇಗೆ ಮಾಡಿದೆ ಎಂದು ಅಂದಿನಿಂದ ಕೇಳುವವರೇ ಕೇಳುವವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತದ್ದನ್ನು ಹೇಳಬೇಕು. 2017ರಲ್ಲಿ ಇದೇ ನಾಲ್ವರು ಬಾಡಿಗೆ ಕಾರಿನಲ್ಲಿ ಹೋಗಿದ್ದೆವು. ಸಕಲೇಶಪುರ, ಚಿಕ್ಕಮಗಳೂರು, ಶೃಂಗೇರಿ, ಉಡುಪಿ, ಗೋಕರ್ಣ, ಶಿರಸಿ: ಆರು ರಾತ್ರಿ, ಆರು ಊರು. ಆಗುಂಬೆಯಲ್ಲಿ ಘಟ್ಟ ಇಳಿದು ದೇವಿಮನೆಯಲ್ಲಿ ಹತ್ತಿದೆವು. ಆಗುಂಬೆಯ 14 ತಿರುವುಗಳಲ್ಲಿ ಅಮ್ಮ ನಾಲ್ಕು ಸಲ ವಾಂತಿ ಮಾಡಿಕೊಂಡಳು. ಉಡುಪಿ ತಲುಪಿದಾಗ ಕೃಷ್ಣನ ದರ್ಶನಕ್ಕೂ ಏಳಲಾರದೆ ಕೋಣೆಯಲ್ಲಿ ಮಲಗಿಬಿಟ್ಟಳು. ಕಾರು, ಚಾಲಕನ ಬಾಟಾ, ಟೋಲ್ ಸೇರಿ 32 ಸಾವಿರ. ವಸತಿ, ಊಟ ಎಲ್ಲ ಕೂಡಿ 60 ಸಾವಿರ ದಾಟಿತು. ಊರಿಗೆ ಬಂದ ಮೇಲೆ ನೆನಪಿನಿಂದಲೇ ಲೆಕ್ಕ ಹಾಕಿದೆ. ಏಳು ದಿನಗಳಲ್ಲಿ ಕಾರಿನೊಳಗೆ ಕುಳಿತದ್ದು ಹತ್ತಿರ ಹತ್ತಿರ 40 ಗಂಟೆ, ನೋಡಬೇಕೆಂದು ಹೋದ ಜಾಗಗಳಲ್ಲಿ ನಿಂತದ್ದು 20 ಗಂಟೆಯೂ ಇಲ್ಲ. ಆ ಲೆಕ್ಕ ನನ್ನನ್ನು ಬಹಳ ದಿನ ಕಾಡಿತು.

ಮರುವರ್ಷ ಆಗಸ್ಟ್‌ನಲ್ಲಿ ರೈಲಿನಲ್ಲಿ ಹೋಗೋಣವೆಂದು ಹೊರಟೆ. 2018ರ ಆಗಸ್ಟ್ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೊಡಗಿನಲ್ಲಿ ಗುಡ್ಡಗಳೇ ಜಾರಿದವು, ಶಿರಾಡಿ ಘಾಟಿ ಮುಚ್ಚಿತು, ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ರೈಲೂ ನಿಂತಿತು. ಟಿಕೆಟ್ ಹಣ ವಾಪಸ್ ಬಂತು. ಮೂರು ಕಡೆ ಕೊಟ್ಟಿದ್ದ ಮುಂಗಡ 7 ಸಾವಿರ ಮಾತ್ರ ಹೋದದ್ದು ಹೋಯಿತು.

ಈ ಎರಡು ಸೋಲುಗಳಿಂದ ಒಂದು ಮಾತು ಖಚಿತವಾಯಿತು. ನಮ್ಮ ಕಡೆ ಪ್ರವಾಸದ ಯೋಜನೆ ಎಂದರೆ ಘಟ್ಟದ ಯೋಜನೆ. ಘಟ್ಟವನ್ನು ಎಷ್ಟು ಸಲ ದಾಟುತ್ತೀರಿ, ಯಾವ ಹೊತ್ತಿನಲ್ಲಿ ದಾಟುತ್ತೀರಿ ಎಂಬುದು ತೀರ್ಮಾನವಾದರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ. ಹಾಗಾಗಿ ರಸ್ತೆಯಲ್ಲಿ ಒಂದೇ ಸಲ, ಹಗಲಿನಲ್ಲಿ, ಇಳಿಜಾರಿನಲ್ಲಿ ದಾಟುವುದು ಎಂದು ನಿರ್ಧರಿಸಿದೆ. ಘಟ್ಟದ ಮೇಲೆ ಒಂದು ಠಿಕಾಣಿ, ಮೂರು ರಾತ್ರಿ. ಘಟ್ಟದ ಕೆಳಗೆ ಇನ್ನೊಂದು, ಅಲ್ಲಿಯೂ ಮೂರು ರಾತ್ರಿ. ಪ್ರತಿ ಠಿಕಾಣಿಯ ಮೂರು ದಿನಗಳಲ್ಲಿ ಎರಡು ದಿನಕ್ಕೆ ಮಾತ್ರ ಕೆಲಸ, ಒಂದು ದಿನ ಖಾಲಿ.

ಮೇಲಿನ ಠಿಕಾಣಿ ಸಾಗರ, ಕೆಳಗಿನದು ಹೊನ್ನಾವರ. ನಕ್ಷೆಯ ಮುಂದೆ ಹದಿನೈದು ದಿನ ಕುಳಿತ ಮೇಲೆ ಸಿಕ್ಕಿದ ಜೋಡಿ ಇದು. ಮೈಸೂರು–ತಾಳಗುಪ್ಪ ರೈಲನ್ನು ಬೆಂಗಳೂರಿನಲ್ಲಿ ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣ. ವಾಪಸ್ ಬರಲು ಪಂಚಗಂಗಾ ಎಕ್ಸ್‌ಪ್ರೆಸ್. ಹೊನ್ನಾವರದಲ್ಲಿ ಹತ್ತಿದರೆ ಬೆಳಗ್ಗೆ ಬೆಂಗಳೂರು. ಮೇಲಿನಿಂದ ಪ್ರವೇಶ, ಕೆಳಗಿನಿಂದ ನಿರ್ಗಮನ, ನಡುವೆ ಗೇರುಸೊಪ್ಪೆ ಘಟ್ಟ ಒಂದೇ. ಹೋದ ದಾರಿಯಲ್ಲಿಯೇ ತಿರುಗಿ ಬರುವ ಕೆಲಸವಿಲ್ಲ. ನನಗೆ ಗೊತ್ತಿರುವ ಮಟ್ಟಿಗೆ ಹಿರಿಯರನ್ನು ಕರೆದೊಯ್ಯಲು ಇದಕ್ಕಿಂತ ಅಚ್ಚುಕಟ್ಟಾದ ದಾರಿ ನಮ್ಮ ರಾಜ್ಯದಲ್ಲಿ ಇಲ್ಲ.

ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನಗಳಿಗೆ ಇಳಿದಿದೆ. ಹೋಗುವ ಟಿಕೆಟ್ ತೆರೆದ ದಿನ ಬರುವ ಟಿಕೆಟ್ ತೆರೆದಿರುವುದಿಲ್ಲ, ಇನ್ನೊಂದು ವಾರ ಕಾಯಬೇಕು. ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹಿರಿಯರ ರಿಯಾಯಿತಿ 2020ರಲ್ಲಿಯೇ ನಿಂತುಹೋಗಿದೆ, ಅದನ್ನು ನಂಬಿ ಬಜೆಟ್ ಹಾಕಬೇಡಿ. ಎರಡೂ ಕಡೆ ಮೂರನೇ ದರ್ಜೆಯ ಎಸಿ ತೆಗೆದುಕೊಂಡೆ, ನಾಲ್ವರಿಗೂ ಸೇರಿ 7 ಸಾವಿರದ ಮೇಲೆ ಸ್ವಲ್ಪ. ರಜೆಯ ದಟ್ಟಣೆಯಲ್ಲಿಯೂ ಎರಡೂ ರೈಲುಗಳಲ್ಲಿ ಕೆಳಗಿನ ಬರ್ತ್‌ಗಳನ್ನೇ ಹೇಗೆ ಹಿಡಿದೆ ಎಂಬುದು ನನ್ನ ಬಳಿಯೇ ಇರಲಿ. ಎಲ್ಲರೂ ಹಾಗೆಯೇ ಮಾಡಿದರೆ ಮುಂದಿನ ಸಲ ನನಗೇ ಸಿಗುವುದಿಲ್ಲ.

ಕಾಲ ವಿಜಯದಶಮಿ ಕಳೆದ ಮೇಲಿನ ವಾರ. ಜೂನ್, ಜುಲೈನಲ್ಲಿ ಮಳೆಯ ಜೊತೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಒಳ್ಳೆಯ ಮೀನಿಲ್ಲ. ಬೇಸಿಗೆಯಲ್ಲಿ ಜೋಗದಲ್ಲಿ ನೀರಿಲ್ಲ, ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯ ಬೇರೆ. ದಸರಾ ಹಬ್ಬದ ದಿನಗಳಲ್ಲಿ ಕೋಣೆ ಬಾಡಿಗೆ ಎರಡು ಪಟ್ಟು. ಹಬ್ಬ ಕಳೆದು ನಾಲ್ಕು ದಿನ ತಡೆದರೆ ಅದೇ ಕೋಣೆ ಅರ್ಧ ಬೆಲೆಗೆ ಸಿಗುತ್ತದೆ.

ಶನಿವಾರ ರಾತ್ರಿ ಹೊರಟೆವು. ಭಾನುವಾರ ಜೋಗಕ್ಕೆ ಹೋಗುವ ತಪ್ಪು ಮಾಡಲಿಲ್ಲ. ತೋಟದ ನಡುವಿನ ಮನೆಯಲ್ಲಿ ನಮ್ಮ ಬಿಡಾರ. ಎರಡು ಕೋಣೆ, ಬೆಳಗಿನ ತಿಂಡಿ ಸೇರಿ ಮೂರು ರಾತ್ರಿಗೆ 8,500. "ಬಸ್ ನಿಲ್ದಾಣದಿಂದ ಹತ್ತಿರ" ಎಂದಿದ್ದರು, ನಾಲ್ಕು ಕಿಲೋಮೀಟರ್ ಇತ್ತು. ಆಟೋಗೆಂದು ಲೆಕ್ಕಕ್ಕಿಂತ ಒಂದೂವರೆ ಸಾವಿರ ಹೆಚ್ಚು ಹೋದದ್ದು ಇದರಿಂದಲೇ. ಇನ್ನು ಮುಂದೆ "ಹತ್ತಿರ" ಎಂದವರನ್ನು ನಡೆದರೆ ಎಷ್ಟು ನಿಮಿಷ ಎಂದು ಕೇಳುತ್ತೇನೆ. ಆದರೆ ಅಲ್ಲಿ ಬಡಿಸಿದ ಅಪ್ಪೆಹುಳಿಯ ರುಚಿಯನ್ನು ಅತ್ತೆ ಇನ್ನೂ ನೆನೆಯುತ್ತಾರೆ. ಸಂಜೆ ಇಕ್ಕೇರಿಗೆ ಹೋಗಿ ಅಘೋರೇಶ್ವರನ ಗುಡಿಯ ಅಂಗಳದಲ್ಲಿ ಕತ್ತಲಾಗುವವರೆಗೆ ಕುಳಿತೆವು.

ತೋಟದಲ್ಲಿ ಉಂಬಳಗಳ, ಅಂದರೆ ಜಿಗಣೆಗಳ, ಕಾಟ ಇತ್ತು. ಒಂದು ಪ್ರಯೋಗ ಮಾಡಿ ನೋಡಿದೆ. ಬಲಗಾಲಿಗೆ ಬೇವಿನೆಣ್ಣೆ, ಎಡಗಾಲಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಸುಣ್ಣ. ಅರ್ಧ ಗಂಟೆ ಒದ್ದೆ ಹುಲ್ಲಿನಲ್ಲಿ ಅಡ್ಡಾಡಿದೆ. ಬಲಗಾಲಿಗೆ ಮೂರು ಹತ್ತಿದ್ದವು, ಎಡಗಾಲಿಗೆ ಒಂದು. ಸುಣ್ಣದಿಂದ ಚರ್ಮ ಉರಿಯಿತು, ಅದನ್ನು ಹಿರಿಯರಿಗೆ ಹಚ್ಚಬಾರದು. ಮರುದಿನ ಮನೆಯವರು ಹಳೆಯ ಬಟ್ಟೆಯಲ್ಲಿ ಉಪ್ಪು ಕಟ್ಟಿ, ಒದ್ದೆ ಮಾಡಿ, ಕೋಲಿನ ತುದಿಗೆ ಬಿಗಿದು ಕೊಟ್ಟರು. ಹತ್ತಿದ ಉಂಬಳಕ್ಕೆ ಅದನ್ನು ಮುಟ್ಟಿಸಿದರೆ ಸಾಕು, ಬಿಟ್ಟು ಬೀಳುತ್ತದೆ. ನನ್ನ ಪ್ರಯೋಗಕ್ಕಿಂತ ಅದೇ ಮೇಲು.

ಸೋಮವಾರ ಜೋಗ. ಸಾಗರದಿಂದ 30 ಕಿಲೋಮೀಟರ್, ಬಸ್ಸಿನಲ್ಲಿ ಒಂದು ಗಂಟೆ. ಹೋಗಿ ನಿಂತರೆ ಎದುರಿಗೆ ಬಿಳಿ ಗೋಡೆ. ಮಂಜು ಎಷ್ಟು ದಟ್ಟವೆಂದರೆ ಕಂಬಿಯ ಆಚೆ ಏನೂ ಇಲ್ಲ. 253 ಮೀಟರ್ ಮೇಲಿನಿಂದ ಬೀಳುವ ನೀರಿನ ಮೊರೆತ ಎದೆಗೆ ತಾಗುತ್ತಿತ್ತು, ಕಣ್ಣಿಗೆ ಒಂದು ಹನಿಯೂ ಕಾಣಲಿಲ್ಲ. ಮೂರು ಗಂಟೆ ಕಾದೆವು. ಮಳೆಯೂ ಹಿಡಿಯಿತು. ಪಕ್ಕದಲ್ಲಿದ್ದ ಒಂದು ಕುಟುಂಬ, ಸಂಜೆಗೆ ಮುರ್ಡೇಶ್ವರ ತಲುಪಬೇಕೆಂದು, ಏನೂ ನೋಡದೆ ಕಾರು ಹತ್ತಿತು. ಅವರಲ್ಲಿ 2017ರ ನಮ್ಮನ್ನೇ ಕಂಡಂತಾಯಿತು.

ನಾವು ಸಾಗರಕ್ಕೆ ಮರಳಿ ಬಿಸಿ ಊಟ ಮಾಡಿ ಮಲಗಿದೆವು. ಖಾಲಿ ದಿನ ಕೈಯಲ್ಲಿತ್ತಲ್ಲ. ಮಂಗಳವಾರ ಬೆಳಗ್ಗೆ ಮೊದಲ ಬಸ್ಸಿಗೇ ಮತ್ತೆ ಹೋದೆವು. ಆಗಲೂ ಮಂಜು. ಅಮ್ಮ ಮಡಚಿದ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲು ಬೆಂಚಿನ ಮೇಲೆ ಕುಳಿತಿದ್ದಳು. ಒಂಬತ್ತರ ಹೊತ್ತಿಗೆ ಕಣಿವೆಯ ಕೆಳಗಿನಿಂದ ಗಾಳಿ ಎದ್ದಿತು. ಮಂಜು ಪರದೆಯಂತೆ ಬಲಗಡೆಯಿಂದ ಸರಿಯತೊಡಗಿತು. ಮೊದಲು ಒದ್ದೆ ಕರಿಬಂಡೆಯ ಅಂಚು, ಆಮೇಲೆ ರಾಣಿಯ ತೆಳು ನೀರು, ರಾಕೆಟ್, ರೋರರ್, ಕೊನೆಗೆ ನೇರವಾಗಿ ಧುಮುಕುವ ರಾಜ. ಅಮ್ಮ ಎದ್ದು ಕಂಬಿ ಹಿಡಿದುಕೊಂಡಳು. ಮಾತಿಲ್ಲ. ಕನ್ನಡಕದ ಮೇಲೆ ನೀರಿನ ಪುಡಿ ಕೂತು ಏನೂ ಕಾಣದಂತಾದಾಗ ಸೆರಗಿನಿಂದ ಒರೆಸಿಕೊಂಡಳು, ಮತ್ತೆ ಹಾಕಿಕೊಂಡಳು, ಮತ್ತೆ ಒರೆಸಿಕೊಂಡಳು. ಸುಮಾರು ಇಪ್ಪತ್ತು ನಿಮಿಷ ಹಾಗೆಯೇ ನಿಂತಿದ್ದಳು. "ಶಾಲೆಯ ಪುಸ್ತಕದಲ್ಲಿ ಚಿತ್ರ ಇತ್ತು ಕಣಪ್ಪಾ" ಎಂದಷ್ಟೇ ಹೇಳಿದಳು. ನನ್ನ ಇಡೀ ಯೋಜನೆ ಆ ಇಪ್ಪತ್ತು ನಿಮಿಷಕ್ಕಾಗಿಯೇ ಇತ್ತೆಂದು ನನಗೆ ಅನ್ನಿಸಿತು.

ಅದೇ ಮಧ್ಯಾಹ್ನ ಓಮ್ನಿ ಬಾಡಿಗೆ ಮಾಡಿ ಅತ್ತೆಯ ಹರಕೆ ತೀರಿಸಲು ಸಿಗಂದೂರಿಗೆ ಹೋದೆವು. ಅರ್ಧ ದಿನದಲ್ಲಿ ಇದು ಸಾಧ್ಯವಾದದ್ದು 2025ರ ಜುಲೈನಲ್ಲಿ ತೆರೆದ ಸೇತುವೆಯಿಂದ. ಮೊದಲು ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಸಾಲು ನಿಂತೇ ಹೊತ್ತು ಹೋಗುತ್ತಿತ್ತು. ಆದರೂ ಅತ್ತೆ, ಸೇತುವೆಯ ಮೇಲಿಂದ ಹಿನ್ನೀರನ್ನು ನೋಡುತ್ತ, "ಲಾಂಚಿನಲ್ಲಿ ಒಂದು ಸಲ ದಾಟಬೇಕಿತ್ತು" ಎಂದು ನಿಟ್ಟುಸಿರುಬಿಟ್ಟರು.

ಬುಧವಾರ ಘಟ್ಟ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಹೆದರಿಸಿದ್ದು ಇದಕ್ಕೇ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಮೂವರು ಹೆಂಗಸರಿಗೂ ಶೂನ್ಯ ಟಿಕೆಟ್. ವಾರದ ಬಸ್ ಖರ್ಚು ನನ್ನೊಬ್ಬನದೇ, ಏಳುನೂರೋ ಎಷ್ಟೋ. ಆದರೆ ಅದೇ ಕಾರಣಕ್ಕೆ ಬಸ್ಸುಗಳು ತುಂಬಿರುತ್ತವೆ. ದೂರದಿಂದ ಬಂದು ನಡುವೆ ನಿಲ್ಲುವ ಬಸ್ಸಿಗೆ ಹಿರಿಯರನ್ನು ಹತ್ತಿಸಬಾರದು. ಆ ಊರಿನಿಂದಲೇ ಹೊರಡುವ ಬಸ್ಸನ್ನು ಹಿಡಿಯಬೇಕು, ಇಪ್ಪತ್ತು ನಿಮಿಷ ಮೊದಲೇ ಹೋಗಿ ಕೂರಬೇಕು. ನಿಲ್ದಾಣದ ಗೋಡೆಯ ಮೇಲೆ ಬರೆದಿರುವ ವೇಳಾಪಟ್ಟಿಯನ್ನು ನಂಬಬೇಡಿ, ಹಿಂದಿನ ದಿನ ಕಂಟ್ರೋಲರ್ ಕಿಟಕಿಯಲ್ಲಿ ಕೇಳಿ. ನಿಜವಾದ ಸಮಯ ಗೊತ್ತಿರುವವರು ಇನ್ನೊಬ್ಬರೂ ಪ್ರತಿ ನಿಲ್ದಾಣದಲ್ಲಿ ಇರುತ್ತಾರೆ. ಯಾರೆಂದು ಯೋಚಿಸಿದರೆ ನಿಮಗೇ ಹೊಳೆಯುತ್ತದೆ.

ಅಮ್ಮನನ್ನು ಮುಂದಿನ ಬಾಗಿಲಿನ ಹಿಂದೆ ಮೂರನೇ ಸಾಲಿನ ಎಡಗಡೆ ಕೂರಿಸಿದೆ. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂತರೆ ಗಟ್ಟಿ ಹೊಟ್ಟೆಯವರಿಗೂ ತಡೆಯದು. ಎಡಗಡೆಯೇ ಏಕೆಂದರೆ ಘಟ್ಟ ಇಳಿದ ಮೇಲೆ ಶರಾವತಿ ಆ ಬದಿಯಲ್ಲಿ ಜೊತೆಗೆ ಹರಿಯುತ್ತಾಳೆ. ಹೊರಡುವುದಕ್ಕೆ ಎರಡು ಗಂಟೆ ಮೊದಲು ಮೊಸರವಲಕ್ಕಿ, ಒಂದು ಗಂಟೆ ಮೊದಲು ವೈದ್ಯರು ಬರೆದುಕೊಟ್ಟ ಮಾತ್ರೆ, ದಾರಿಯಲ್ಲಿ ಮೂಸಲು ಒಂದು ನಿಂಬೆಹಣ್ಣು. ಮೊಬೈಲ್ ನಕ್ಷೆ ಎರಡು ಗಂಟೆ ಎಂದಿತ್ತು, ಮೂರು ಗಂಟೆ ಹಿಡಿಯಿತು. ಘಟ್ಟಕ್ಕೆ ನಾನು ಯಾವಾಗಲೂ ಒಂದೂವರೆ ಪಟ್ಟು ಹಾಕುತ್ತೇನೆ. ಮಾವಿನಗುಂಡಿ ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ಬಸ್ಸನ್ನು ಒತ್ತಿಕೊಂಡಿತು. ಹೆಂಡತಿಗೆ ಒಂದು ಸಿಂಗಳೀಕ ಕಂಡಿತು, ನನಗೆ ಕಾಣಲಿಲ್ಲ. ಅಮ್ಮ ಒಮ್ಮೆಯೂ ವಾಂತಿ ಮಾಡಲಿಲ್ಲ. ಗೇರುಸೊಪ್ಪೆಯಲ್ಲಿ ಬಸ್ಸು ನಿಂತಾಗ ಕಡಲೆಕಾಯಿ ಕೇಳಿದಳು. ಆ ಕ್ಷಣವೇ ಭಾವಮೈದುನನಿಗೆ ಫೋಟೊ ಕಳುಹಿಸಿದೆ.

ಹೊನ್ನಾವರದಲ್ಲಿ ಒಂದು ಪೆಟ್ಟು ತಿಂದೆ. ಚಿತ್ರ ನೋಡಿ ಕಾಯ್ದಿರಿಸಿದ್ದ ವಸತಿಗೃಹ ಹೆದ್ದಾರಿಗೇ ಅಂಟಿಕೊಂಡಿತ್ತು. ರಾತ್ರಿಯಿಡೀ ಲಾರಿಗಳ ಹಾರ್ನ್, ಇಬ್ಬರು ಹಿರಿಯರಿಗೂ ಕಣ್ಣು ಮುಚ್ಚಲಾಗಲಿಲ್ಲ. ಬೆಳಗ್ಗೆಯೇ ಬೇರೆ ಕಡೆ ಹೋದೆವು. ಅಲ್ಲಿ ಎರಡನೇ ರಾತ್ರಿಗೂ ಕೊಟ್ಟಿದ್ದ ಮುಂಗಡ ಎರಡು ಸಾವಿರ ಚಿಲ್ಲರೆ ನಷ್ಟ. ಕರಾವಳಿಯಲ್ಲಿ ಕೋಣೆ ಹಿಡಿಯುವಾಗ ಸಮುದ್ರ ಎಷ್ಟು ದೂರ ಎಂದು ಎಲ್ಲರೂ ಕೇಳುತ್ತಾರೆ. ಹೆದ್ದಾರಿ ಎಷ್ಟು ದೂರ ಎಂದು ಕೇಳಿ.

ಗುರುವಾರ ಇಡಗುಂಜಿ, ಅಪ್ಸರಕೊಂಡ. ಅದರಲ್ಲಿ ಹೇಳುವಂಥ ತೊಡಕೇನೂ ಇರಲಿಲ್ಲ. ಶುಕ್ರವಾರ ಇನ್ನೊಂದು ಪ್ರಯೋಗ. ಮುರ್ಡೇಶ್ವರಕ್ಕೆ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ಆದರೆ ಶರಾವತಿಯ ಮೇಲಿನ ರೈಲು ಸೇತುವೆ ಕೊಂಕಣ ರೈಲ್ವೆಯಲ್ಲಿಯೇ ಅತಿ ಉದ್ದದ್ದು, ಎರಡು ಕಿಲೋಮೀಟರ್‌ಗೂ ಹೆಚ್ಚು. ಅದನ್ನು ಹಗಲಿನಲ್ಲಿ ದಾಟಬೇಕೆಂದು ಪ್ಯಾಸೆಂಜರ್ ರೈಲಿಗೆ ಹೋದೆವು. ಬಹುಪಾಲು ಒಂಟಿ ಹಳಿಯ ದಾರಿ, ಎದುರಿನ ರೈಲಿಗೆ ಕಾದು ಒಂದೂವರೆ ಗಂಟೆ ತಡ. ಹೆಂಡತಿಗೆ ಸಿಟ್ಟು ಬಂತು. ರೈಲು ಸೇತುವೆ ಏರಿದಾಗ ಒಂದು ಬದಿಯಲ್ಲಿ ಅಳಿವೆ, ಇನ್ನೊಂದು ಬದಿಯಲ್ಲಿ ನಾವು ಇಳಿದು ಬಂದ ಬೆಟ್ಟಗಳು, ನಡುವೆ ಸಣ್ಣ ಸಣ್ಣ ದೋಣಿಗಳು. ಸಿಟ್ಟು ಇಳಿಯಿತು. ಟಿಕೆಟ್ ಕೆಲವೇ ರೂಪಾಯಿಗಳದು. ಮುರ್ಡೇಶ್ವರದ ರಾಜಗೋಪುರಕ್ಕೆ ಲಿಫ್ಟ್ ಇರುವುದರಿಂದ ಅತ್ತೆಯೂ ಮೇಲೆ ಹೋಗಿ ಕಡಲನ್ನು ನೋಡಿದರು.

ಶನಿವಾರ ಕೆಳಗಿನ ಠಿಕಾಣಿಯ ಖಾಲಿ ದಿನ. ಕಾಸರಕೋಡಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಹಲಗೆ ದಾರಿಯಲ್ಲಿ ನಿಧಾನವಾಗಿ ಅಡ್ಡಾಡಿದೆವು. ಮಧ್ಯಾಹ್ನ ಒಂದು ಮನೆಯ ಊಟ, ಬಂಗುಡೆ ಸಾರು ಮತ್ತು ಕಾಣೆ ಹುರಿದದ್ದು. ಮೀನು ತಿನ್ನದ ಅಮ್ಮನಿಗೆ ಮುರುಗಲ ಹಣ್ಣಿನ ಸಾರು. ಆ ಮನೆ ಎಲ್ಲಿದೆ ಎಂದು ಬರೆಯುವುದಿಲ್ಲ. ದಿನಕ್ಕೆ ಇಪ್ಪತ್ತು ಎಲೆಗಿಂತ ಹೆಚ್ಚು ಹಾಕುವ ಶಕ್ತಿ ಅವರಿಗಿಲ್ಲ. ಸಂಜೆಯವರೆಗೆ ಒಂದು ಕೋಣೆ ಉಳಿಸಿಕೊಳ್ಳಲು ಅರ್ಧ ಬಾಡಿಗೆ ಕೊಟ್ಟೆ, 600 ರೂಪಾಯಿ. ಇಡೀ ಪ್ರವಾಸದಲ್ಲಿ ಅತ್ಯಂತ ಸಾರ್ಥಕವಾದ ಹಣ ಅದು. ಹಿರಿಯರು ಸ್ನಾನ ಮಾಡಿ, ಒಂದು ನಿದ್ದೆ ತೆಗೆದು ರೈಲು ಹತ್ತಿದರು.

ಒಟ್ಟು ಲೆಕ್ಕ: ರೈಲು 7 ಸಾವಿರದ ಮೇಲೆ, ವಸತಿ 17, ಆಟೋ ಮತ್ತು ಓಮ್ನಿ 6, ಊಟ 7, ಬಸ್ಸು, ಕಾಣಿಕೆ, ಚಿಲ್ಲರೆ ಎಲ್ಲ ಎರಡು ಸಾವಿರದೊಳಗೆ. 40 ಸಾವಿರ ಮುಟ್ಟಲಿಲ್ಲ, ಅದೂ ಎಂಟು ವರ್ಷಗಳ ಬೆಲೆ ಏರಿಕೆಯ ನಂತರ. ರೈಲಿನ ಎರಡು ರಾತ್ರಿ ಬಿಟ್ಟರೆ ಪ್ರಯಾಣ ಹದಿನೈದು ಹದಿನಾರು ಗಂಟೆ.

ಗೋಕರ್ಣ ನೋಡಲಿಲ್ಲವೇ, ಯಾಣ ಬಿಟ್ಟಿರಾ ಎಂದು ಕೇಳುವವರಿದ್ದಾರೆ. ಬಿಟ್ಟೆವು, ಬೇಕೆಂದೇ ಬಿಟ್ಟೆವು. ಅವು ಮುಂದಿನ ಜೋಡಿಗೆ: ಮೇಲೆ ಶಿರಸಿ, ಕೆಳಗೆ ಕುಮಟಾ. ಬನವಾಸಿಯನ್ನೂ ಸೇರಿಸು ಎಂದು ಅಮ್ಮ ಈಗಾಗಲೇ ಹೇಳಿದ್ದಾಳೆ. ಈ ಸಲ ಭಾವಮೈದುನನೂ ಬರುತ್ತಾನಂತೆ. ಕಾರು ಮನೆಯಲ್ಲಿಯೇ ಬಿಟ್ಟು ಬಾ ಎಂದಿದ್ದೇನೆ.